ಮೌಸ್ ಸರಿಸಿದರೆ 7 ಟೈಪ್ ಆಗುತ್ತದೆ: ಪಿಎಸ್/2 ಡ್ರೈವರ್ ಪ್ಯಾಚ್ ಒಂದರ ಪರಿಶೀಲನೆ

ಪರಿಶೀಲನೆಗೆ ಬಂದದ್ದು ಚಿಕ್ಕ ಪ್ಯಾಚ್, ಅಂದರೆ ಕೋಡ್‌ಗೆ ಮಾಡಿದ ತಿದ್ದುಪಡಿ. ಬದಲಾದದ್ದು ಒಂದೇ ಫೈಲು, ಸೇರಿದ್ದು 11 ಸಾಲು. ಕಮಿಟ್ ಸಂದೇಶದಲ್ಲಿ "ಪಾಯಿಂಟರ್ ಜಿಗಿತ ಸರಿಪಡಿಸಲಾಗಿದೆ" ಎಂಬ ಒಂದೇ ವಾಕ್ಯ. ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಕೂಡ ಚಿಕ್ಕದೇ: ಕಲಿಕೆಗೆಂದು ಸಿ ಭಾಷೆಯಲ್ಲಿ ಬರೆದದ್ದು, 32 ಬಿಟ್ ಎಕ್ಸ್86, ಹಳೆಯ 8259 ಇಂಟರಪ್ಟ್ ನಿಯಂತ್ರಕ (ಸಾಧನಗಳ ಕರೆಯನ್ನು ಪ್ರೊಸೆಸರ್‌ಗೆ ಮುಟ್ಟಿಸುವ ಚಿಪ್), ಹಳೆಯ ದುಂಡು ಪೋರ್ಟ್‌ನ ಪಿಎಸ್/2 ಕೀಬೋರ್ಡ್ ಮತ್ತು ಮೌಸ್.

ದೂರು ಹೀಗಿದೆ. ಟೈಪ್ ಮಾಡುತ್ತಾ ಮೌಸ್ ಸರಿಸಿದರೆ ಪಾಯಿಂಟರ್ ಒಮ್ಮೊಮ್ಮೆ ತೆರೆಯ ಕೆಳಗಿನ ಎಡಮೂಲೆಗೆ ಹಾರುತ್ತದೆ. ಯಾರೂ ಒತ್ತದ ಕ್ಲಿಕ್ ದಾಖಲಾಗುತ್ತದೆ. ಕೆಲವು ಸಲ ಮೌಸನ್ನು ಬಲಕ್ಕೆ ಎಳೆದರೆ ಪಾಯಿಂಟರ್ ಮೇಲಕ್ಕೆ ತೆವಳುತ್ತದೆ.

ಮೌಸ್ ತನ್ನ ಚಲನೆಯನ್ನು ಇಲ್ಲಿ 3 ಬೈಟ್‌ಗಳ ಪ್ಯಾಕೆಟ್ ಆಗಿ ಕಳಿಸುತ್ತದೆ, ಮೊದಲ ಬೈಟ್ ಹೆಡರ್. ಪ್ಯಾಚ್ ಮಾಡುವುದು ಮೂರು ಕೆಲಸ. ಪ್ಯಾಕೆಟ್‌ನ ಹೆಡರ್ ಬೈಟ್‌ನಲ್ಲಿ ಬಿಟ್ 3 ಸೊನ್ನೆಯಾಗಿದ್ದರೆ ಆ ಬೈಟನ್ನು ಬಿಸಾಡುತ್ತದೆ. ಓವರ್‌ಫ್ಲೋ (ಚಲನೆ ಎಣಿಕೆಯ ಮಿತಿ ಮೀರಿದೆ ಎನ್ನುವ) ಬಿಟ್‌ಗಳಲ್ಲಿ ಒಂದು ಕಂಡರೂ ಇಡೀ ಪ್ಯಾಕೆಟ್ಟನ್ನು ಬಿಸಾಡುತ್ತದೆ. ಎಕ್ಸ್ ಮತ್ತು ವೈ ಬೈಟ್‌ಗಳನ್ನು ಚಿಹ್ನೆಸಹಿತ 8 ಬಿಟ್ ಸಂಖ್ಯೆಗಳಾಗಿ ಓದುತ್ತದೆ. ಮೇಲ್ನೋಟಕ್ಕೆ ಮೂರೂ ಒಪ್ಪುವಂತಿವೆ. ಆದರೆ ಮೊದಲನೆಯದು ಅರ್ಧ ಮಾತ್ರ ಸರಿ, ಎರಡನೆಯದು ಹೊಸ ತೊಂದರೆ ತರುತ್ತದೆ, ಮೂರನೆಯದು ಸರಿಯಿದ್ದ ಲೆಕ್ಕವನ್ನೇ ಕೆಡಿಸಿದೆ. ಬೈಟ್ ಎಲ್ಲಿ ಕಳೆದುಹೋಗುತ್ತಿದೆಯೋ ಆ ಜಾಗವನ್ನು ಮೂರೂ ಮುಟ್ಟಿಲ್ಲ.

ಇಲ್ಲಿನ ಸಂಖ್ಯೆಗಳೆಲ್ಲ ದಶಮಾನದವು. ಹೆಕ್ಸ್ (16ರ ಮಾನ) ಇದ್ದಲ್ಲಿ ಹೆಕ್ಸ್ ಎಂದೇ ಹೇಳಿದೆ. ಬಿಟ್‌ಗಳ ಎಣಿಕೆ ಬಲತುದಿಯಿಂದ, ಸೊನ್ನೆಯಿಂದ ಶುರು.

ಮೊದಲು ದೋಷ ಕಾಣಿಸಬೇಕು

ಡಿಫ್ (ಪ್ಯಾಚ್ ಬದಲಿಸಿದ ಸಾಲುಗಳು) ಓದುವುದಕ್ಕೆ ಮುಂಚೆ, ಪ್ಯಾಚ್ ಹಾಕದ ಕರ್ನಲ್‌ನಲ್ಲಿ ದೋಷವನ್ನು ಬೇಕೆಂದಾಗ ಬರಿಸಲು ಆಗಬೇಕು. ಕ್ಯೂಎಮು ಎಮ್ಯುಲೇಟರ್‌ನ ಪಿಸಿ ಯಂತ್ರದಲ್ಲಿ ಪಿಎಸ್/2 ಮೌಸ್ ತಾನಾಗಿಯೇ ಇರುತ್ತದೆ. ಯುಎಸ್‌ಬಿ ಟ್ಯಾಬ್ಲೆಟ್ ಸೇರಿಸಬೇಡಿ, ಚಲನೆ ಅದರ ಪಾಲಾಗಿ ಈ ಡ್ರೈವರ್‌ಗೆ ಏನೂ ಬಾರದೆ ಹೋಗಬಹುದು. ಕ್ಯೂಎಮು ಮಾನಿಟರ್‌ನಲ್ಲಿ ಮೌಸ್ ಸರಿಸುವುದಕ್ಕೂ ಕೀ ಒತ್ತುವುದಕ್ಕೂ ಆಜ್ಞೆಗಳಿವೆ. ಸ್ಕ್ರಿಪ್ಟ್ ಒಂದರಿಂದ ಎರಡನ್ನೂ ಬೆರೆಸಿ ಕಳಿಸುತ್ತಿದ್ದರೆ ಕೈಯಿಂದ ಕಾಯುವ ಕೆಲಸ ತಪ್ಪುತ್ತದೆ.

ಲಾಗ್ ಮಾಡುವ ಬಗೆ ಇಲ್ಲಿ ಮುಖ್ಯ. ಇಂಟರಪ್ಟ್ ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡುವ ಫಂಕ್ಷನ್) ಒಳಗಿನಿಂದ ಸೀರಿಯಲ್ ಪೋರ್ಟ್‌ಗೆ ಪ್ರಿಂಟ್ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಆದರೆ ಅದು ದೋಷವನ್ನೇ ಬದಲಿಸಿಬಿಡುತ್ತದೆ. 115200 ಬಾಡ್ ವೇಗದಲ್ಲಿ ಒಂದು ಅಕ್ಷರಕ್ಕೆ ಸುಮಾರು 87 ಮೈಕ್ರೋಸೆಕೆಂಡ್. 40 ಅಕ್ಷರದ ಒಂದು ಸಾಲಿಗೆ ಸುಮಾರು 3.5 ಮಿಲಿಸೆಕೆಂಡ್, 3 ಬೈಟ್‌ಗೆ 3 ಸಾಲೆಂದರೆ 10 ಮಿಲಿಸೆಕೆಂಡ್ ದಾಟಿತು. ಸೆಕೆಂಡಿಗೆ 100 ಸ್ಯಾಂಪಲ್ ಕಳಿಸುವ ಮೌಸ್‌ನ ಎರಡು ಪ್ಯಾಕೆಟ್‌ಗಳ ನಡುವಿನ ಅಂತರವೇ 10 ಮಿಲಿಸೆಕೆಂಡ್. ಹಾಗಾಗಿ 256 ನಮೂದುಗಳ ಒಂದು ರಿಂಗ್ ಬಫರ್ (ತುಂಬಿದ ಮೇಲೆ ಹಳೆಯದರ ಮೇಲೆಯೇ ಬರೆಯುವ ಪಟ್ಟಿ) ಇಟ್ಟು, ಪ್ರತಿ ಓದಿಗೂ ನಾಲ್ಕು ವಿಷಯ ಬರೆದಿಡಬೇಕು: ಬಂದ ಬೈಟ್, ಅದಕ್ಕೆ ಮುಂಚಿನ ಸ್ಟೇಟಸ್ ರಿಜಿಸ್ಟರ್ ಮೌಲ್ಯ, ಟೈಮರ್ ಟಿಕ್, ಓದಿದ್ದು ಯಾವ ಹ್ಯಾಂಡ್ಲರ್. ಜಿಗಿತ ಕಂಡ ಮೇಲೆ, ಇಂಟರಪ್ಟ್ ಹೊರಗಿನಿಂದ, ಅದನ್ನು ಮುದ್ರಿಸಿಕೊಳ್ಳಬಹುದು. ನಾಲ್ಕನೆಯ ವಿಷಯವನ್ನು ಬಿಟ್ಟರೆ ಈ ದೋಷದ ಬುಡ ಸಿಗುವುದೇ ಇಲ್ಲ.

ಹೆಡರ್ ಬೈಟ್‌ನ ರಚನೆ

ಬಿಟ್ 0 ಎಡ ಬಟನ್, 1 ಬಲ ಬಟನ್, 2 ನಡುವಿನ ಬಟನ್. ಬಿಟ್ 3 ಯಾವಾಗಲೂ 1. ಬಿಟ್ 4 ಎಕ್ಸ್‌ನ ಚಿಹ್ನೆ, 5 ವೈಯ ಚಿಹ್ನೆ, 6 ಎಕ್ಸ್ ಓವರ್‌ಫ್ಲೋ, 7 ವೈ ಓವರ್‌ಫ್ಲೋ. ಇದರ ಹಿಂದೆ ಎಕ್ಸ್ ಬೈಟ್, ಆಮೇಲೆ ವೈ ಬೈಟ್. ಚಲನೆಯ ಸಂಖ್ಯೆ 8 ಬಿಟ್ಟಿನದಲ್ಲ, 9 ಬಿಟ್ಟಿನದು: ಒಂಬತ್ತನೆಯ ಬಿಟ್ಟು ಹೆಡರ್‌ನಲ್ಲಿ ಕೂತಿದೆ. ವ್ಯಾಪ್ತಿ -256ರಿಂದ 255. ಮೌಸ್‌ನ ಲೆಕ್ಕದಲ್ಲಿ ವೈ ಧನವಾದರೆ ಮೇಲಕ್ಕೆ, ತೆರೆಯ ಲೆಕ್ಕದಲ್ಲಿ ಕೆಳಕ್ಕೆ. ಆದ್ದರಿಂದ ತೆರೆಯ ವೈಯಿಂದ ಕಳೆಯಬೇಕು.

ಬಿಟ್ 3ರ ತಪಾಸಣೆ ಎಲ್ಲಿ ಕೈಕೊಡುತ್ತದೆ

ಬಟನ್ ಒತ್ತದೆ ಮೌಸನ್ನು ಬಲಕ್ಕೆ, ತುಸು ಮೇಲಕ್ಕೆ ಸರಿಸಿದಾಗ ಬರುವ ಮೂರು ಪ್ಯಾಕೆಟ್‌ಗಳು:

8 5 2
8 12 3
8 9 1

ಎರಡನೆಯ ಪ್ಯಾಕೆಟ್‌ನ 8 ಕಳೆದುಹೋಯಿತು ಎನ್ನಿ. ಡ್ರೈವರ್ ಅದೇ ಹರಿವನ್ನು ಹೀಗೆ ಕತ್ತರಿಸುತ್ತದೆ:

8 5 2
12 3 8
9 1 8

ಇಲ್ಲಿ 12 ಎಂದರೆ 00001100. ಬಿಟ್ 3 ಇದೆ, ಆದ್ದರಿಂದ ತಪಾಸಣೆ ಪಾಸು. ಬಿಟ್ 2 ಕೂಡ ಇದೆ, ಅಂದರೆ ನಡುವಿನ ಬಟನ್ ಒತ್ತಿದಂತಾಯಿತು. ಮುಂದಿನ 9 ಎಂದರೆ 00001001: ಮತ್ತೆ ಪಾಸು, ಈ ಸಲ ಎಡ ಬಟನ್. ಯಾರೂ ಒತ್ತದ ಕ್ಲಿಕ್ ಹುಟ್ಟುವುದು ಇಲ್ಲಿ. ವೈ ಜಾಗದಲ್ಲಿ ಪ್ರತಿ ಸಲವೂ ಹೆಡರ್‌ನ 8 ಬಂದು ಕೂರುವುದರಿಂದ ಪಾಯಿಂಟರ್ ಮೇಲಕ್ಕೆ ತೆವಳುತ್ತದೆ. ದೂರಿನ ಎರಡು ಲಕ್ಷಣಗಳಿಗೆ ಇಷ್ಟೇ ಸಾಕು.

ಚಲನೆ ನಿಧಾನವಾಗಿ ಬಲಕ್ಕೆ ಇದ್ದರೆ ಎಕ್ಸ್ ಬೈಟ್ 1ರಿಂದ 7ರೊಳಗೆ ಇರುತ್ತದೆ. ಅವುಗಳಲ್ಲಿ ಬಿಟ್ 3 ಸೊನ್ನೆ. ಬೈಟ್ ಬಿಸಾಡಿ, ಮುಂದಿನದನ್ನೂ ಬಿಸಾಡಿ, 8 ಸಿಕ್ಕ ಕೂಡಲೇ ಜಾಡು, ಅಂದರೆ ಪ್ಯಾಕೆಟ್ ಎಲ್ಲಿ ಶುರು ಎಂಬ ಲೆಕ್ಕ, ಮತ್ತೆ ಕೂಡಿಕೊಳ್ಳುತ್ತದೆ. ಬಲಕ್ಕೆ ಸರಿಸಿ ನೋಡಿದವರಿಗೆ ಪ್ಯಾಚ್ ಅಚ್ಚುಕಟ್ಟಾಗಿ ಕೆಲಸ ಮಾಡಿದಂತೆ ಕಾಣುತ್ತದೆ.

ಎಡಕ್ಕೆ ಸರಿಸಿ ನೋಡಬೇಕು. ಎಡಕ್ಕೆ ಒಂದು ಎಣಿಕೆ ಸರಿದರೆ ಪ್ಯಾಕೆಟ್ 24 255 0. ಹೆಡರ್ ಕಳೆದ ಮೇಲಿನ ಹರಿವು 255 0 24, 255 0 24 ಎಂದು ಸಾಗುತ್ತದೆ. 255ರ ಎಲ್ಲ ಬಿಟ್‌ಗಳೂ 1, ಹಾಗಾಗಿ ಬಿಟ್ 3ರ ತಪಾಸಣೆ ಏನೂ ಹಿಡಿಯುವುದಿಲ್ಲ. -1ರಿಂದ -8ರವರೆಗಿನ ಚಲನೆಗೆ ಬರುವ ಬೈಟ್‌ಗಳು 255ರಿಂದ 248, ಎಲ್ಲವುಗಳ ಮೇಲಿನ ಐದು ಬಿಟ್ 1. ನಿಧಾನವಾಗಿ ಎಡಕ್ಕೆ ಎಳೆಯುವ ಕೈ ಈ ಡ್ರೈವರ್‌ಗೆ ಜಾಡು ಹಿಡಿಯಲು ಅವಕಾಶವನ್ನೇ ಕೊಡುವುದಿಲ್ಲ. ಈ ಹುಸಿ ಹೆಡರ್‌ನಲ್ಲಿ ಎರಡೂ ಓವರ್‌ಫ್ಲೋ ಬಿಟ್ ಇವೆ. ಪ್ಯಾಚ್‌ನ ಎರಡನೆಯ ತುಂಡು ಪ್ರತಿ ಪ್ಯಾಕೆಟ್ಟನ್ನೂ ಸದ್ದಿಲ್ಲದೆ ಬಿಸಾಡುತ್ತದೆ, ಆದರೆ ಮೂರು ಮೂರಾಗಿಯೇ ಬಿಸಾಡುವುದರಿಂದ ಜಾಡು ತಪ್ಪಿದಂತೆಯೇ ಉಳಿಯುತ್ತದೆ. ಮೊದಲು ಜಿಗಿಯುತ್ತಿದ್ದ ಪಾಯಿಂಟರ್ ಈಗ ಎಡಕ್ಕೆ ಸರಿಸುವಷ್ಟು ಹೊತ್ತೂ ಮರಗಟ್ಟಿ ನಿಲ್ಲುತ್ತದೆ.

ಹಾಗೆಂದು ಬಿಟ್ 3ರ ತಪಾಸಣೆ ಬೇಡ ಎಂದಲ್ಲ. ಇರಲಿ, ಅದೊಂದನ್ನೇ ನಂಬಿ ಕೂರಬಾರದು ಅಷ್ಟೆ.

ಚಿಹ್ನೆಯ ಲೆಕ್ಕ: ಹಳೆಯದೇ ಸರಿ

ಹಳೆಯ ಕೋಡ್ ಹೆಡರನ್ನು 4 ಬಿಟ್ ಎಡಕ್ಕೆ ತಳ್ಳಿ, 256ರ ಜೊತೆ ಆ್ಯಂಡ್ ಮಾಡಿ, ಬಂದದ್ದನ್ನು ಎಕ್ಸ್ ಬೈಟ್‌ನಿಂದ ಕಳೆಯುತ್ತಿತ್ತು. ವೈಗೆ 3 ಬಿಟ್ ತಳ್ಳಿ ಅದನ್ನೇ ಮಾಡುತ್ತಿತ್ತು. 24 255 0 ಎಂಬ ಪ್ಯಾಕೆಟ್‌ಗೆ ಹಾಕಿ ನೋಡಿ: 255ರಿಂದ 256 ಕಳೆದರೆ -1. ಸರಿಯಾಗಿದೆ.

ಅದೇ ಕೋಡ್‌ಗೆ ಜಾಡು ತಪ್ಪಿದ 255 0 24 ಕೊಟ್ಟರೆ ಎಕ್ಸ್ -256, ವೈ 24ರಿಂದ 256 ಕಳೆದು -232. ಒಂದೊಂದು ಪ್ಯಾಕೆಟ್‌ಗೂ 256 ಎಡಕ್ಕೆ, 232 ಕೆಳಕ್ಕೆ! 1024 × 768 ತೆರೆಯಲ್ಲಿ ಪಾಯಿಂಟರ್ ಎಲ್ಲೇ ಇರಲಿ, 4 ಪ್ಯಾಕೆಟ್‌ನಲ್ಲಿ, ಅಂದರೆ ಸುಮಾರು 40 ಮಿಲಿಸೆಕೆಂಡ್‌ನಲ್ಲಿ, ಕೆಳಗಿನ ಎಡಮೂಲೆ ಸೇರುತ್ತದೆ. ಲಾಗ್‌ನಲ್ಲಿ -256 ಕಂಡಾಗ ಚಿಹ್ನೆಯ ಲೆಕ್ಕದ ಮೇಲೆ ಅನುಮಾನ ಬರುವುದು ಸಹಜ. 8 ಬಿಟ್‌ಗೆ ಇಳಿಸಿದರೆ -256 ಹೋಗಿ 0 ಆಗುತ್ತದೆ, -232 ಹೋಗಿ 24 ಆಗುತ್ತದೆ, ಜಿಗಿತವೂ ಮಾಯವಾಗುತ್ತದೆ. ಆದರೆ ಲೆಕ್ಕ ಸರಿಯೇ ಇತ್ತು, ಅದಕ್ಕೆ ಸಿಕ್ಕ ಬೈಟ್‌ಗಳು ತಪ್ಪಿದ್ದವು.

ಈ ಬದಲಾವಣೆಯಿಂದ ಆಗುವ ಹಾನಿ ಬೇರೆ ಕಡೆ ಕಾಣುತ್ತದೆ. ಬಲಕ್ಕೆ 200 ಎಣಿಕೆ ಸರಿದರೆ ಬೈಟ್ 200, ಚಿಹ್ನೆ ಬಿಟ್ 0. ಚಿಹ್ನೆಸಹಿತ 8 ಬಿಟ್ ಆಗಿ ಓದಿದರೆ ಅದು -56. ಮೌಸನ್ನು ಬಲಕ್ಕೆ ಬೀಸಿದಾಗ ಪಾಯಿಂಟರ್ ಎಡಕ್ಕೆ ಓಡುತ್ತದೆ. ಇದು ಅಪರೂಪದ ಸಂದರ್ಭವೇನಲ್ಲ. ಇಂಚಿಗೆ 800 ಎಣಿಕೆ ಕೊಡುವ ಮೌಸ್‌ನಲ್ಲಿ 128 ಎಣಿಕೆ ಎಂದರೆ ಬರೀ 4 ಮಿಲಿಮೀಟರ್. ಅಷ್ಟು ದೂರವನ್ನು 10 ಮಿಲಿಸೆಕೆಂಡ್‌ನಲ್ಲಿ ದಾಟಲು ಸೆಕೆಂಡಿಗೆ 40 ಸೆಂಟಿಮೀಟರ್ ವೇಗ ಸಾಕು, ಮಣಿಕಟ್ಟಿನ ಒಂದು ಬೀಸಿಗೆ ಅಷ್ಟು ಸಿಗುತ್ತದೆ. ಈ ತುಂಡನ್ನು ಪೂರ್ತಿ ಹಿಂತೆಗೆಯಬೇಕು.

ಓವರ್‌ಫ್ಲೋ ಬಗ್ಗೆಯೂ ಒಂದು ಮಾತು. ನಿಜವಾದ ಓವರ್‌ಫ್ಲೋ ಬಂದಾಗ ಚಲನೆಯ ಸಂಖ್ಯೆಯನ್ನು ನಂಬಲಾಗದು, ಬಿಸಾಡಬಹುದು. ಬಟನ್‌ಗಳ ಸ್ಥಿತಿಯನ್ನು ಬಿಸಾಡಬಾರದು. ಮೌಸ್ ಪ್ಯಾಕೆಟ್ ಕಳಿಸುವುದು ಸರಿದಾಗ ಅಥವಾ ಬಟನ್ ಬದಲಾದಾಗ ಮಾತ್ರ. ವೇಗವಾಗಿ ಎಳೆದು, ಬಟನ್ ಬಿಟ್ಟು, ಕೈ ನಿಲ್ಲಿಸಿದರೆ, ಬಿಟ್ಟ ಸುದ್ದಿ ಹೊತ್ತ ಪ್ಯಾಕೆಟ್ಟೇ ಓವರ್‌ಫ್ಲೋ ಆಗಿರಬಹುದು. ಅದನ್ನು ಎಸೆದರೆ ಮುಂದಿನ ಚಲನೆಯವರೆಗೂ ಬಟನ್ ಒತ್ತಿದಂತೆಯೇ ಇರುತ್ತದೆ, ಕಿಟಕಿಯೋ ಫೈಲೋ ಪಾಯಿಂಟರ್‌ಗೆ ಅಂಟಿಕೊಂಡೇ ಇರುತ್ತದೆ.

ಬೈಟ್ ಕಳೆದುಹೋಗುವ ಜಾಗ

ರಿಂಗ್ ಬಫರ್‌ನಲ್ಲಿ ಹುಡುಕಬೇಕಾದದ್ದು ಒಂದೇ: ಸ್ಟೇಟಸ್‌ನಲ್ಲಿ ಬಿಟ್ 5 ಇದ್ದೂ ಕೀಬೋರ್ಡ್ ಹ್ಯಾಂಡ್ಲರ್ ಓದಿದ ನಮೂದು. ಅಂಥವು ಸಿಕ್ಕವು, ಜಿಗಿತಕ್ಕೆ ಸರಿಯಾಗಿ ಮುಂಚೆ.

ಕೀಬೋರ್ಡ್‌ಗೂ ಮೌಸ್‌ಗೂ ಸೇರಿ ಪಿಎಸ್/2 ನಿಯಂತ್ರಕದಲ್ಲಿರುವ ಔಟ್‌ಪುಟ್ ಬಫರ್ ಒಂದೇ. ಎರಡರ ಬೈಟ್‌ಗಳೂ ಹೆಕ್ಸ್ 60ನೇ ಪೋರ್ಟ್‌ನಿಂದಲೇ ಬರುತ್ತವೆ. ಯಾರ ಬೈಟ್ ಎಂದು ಹೇಳುವುದು ಹೆಕ್ಸ್ 64ರ ಸ್ಟೇಟಸ್ ರಿಜಿಸ್ಟರ್: ಬಿಟ್ 0 ಇದ್ದರೆ ಬೈಟ್ ಕಾದಿದೆ, ಬಿಟ್ 5 ಇದ್ದರೆ ಅದು ಮೌಸ್‌ನದು. ಈ ಕರ್ನಲ್‌ನ ಕೀಬೋರ್ಡ್ ಹ್ಯಾಂಡ್ಲರ್, ಬಿಟ್ 0 ಇರುವತನಕ ಓದುತ್ತಲೇ ಇರುವ ಒಂದು ಲೂಪ್. ಬಿಟ್ 5ರತ್ತ ಅದು ನೋಡುವುದೇ ಇಲ್ಲ. ಬಾಣದ ಕೀಗಳು 224 ಮತ್ತು ಇನ್ನೊಂದು ಬೈಟ್ ಕಳಿಸುತ್ತವೆ, ಎರಡನ್ನೂ ಒಂದೇ ಸಲ ಹಿಡಿಯೋಣ ಎಂದು ಹಾಕಿದ ಲೂಪ್ ಇದು ಎಂಬುದು ಅಲ್ಲಿನ ಟಿಪ್ಪಣಿಯಿಂದ ತಿಳಿಯುತ್ತದೆ. ಕೀಬೋರ್ಡ್ ಬೈಟ್ ಓದಿ ಮುಗಿದ ಗಳಿಗೆಯಲ್ಲೇ ಮೌಸ್ ಬೈಟ್ ಬಫರ್‌ಗೆ ಬಂದರೆ ಲೂಪ್ ಅದನ್ನೂ ನುಂಗುತ್ತದೆ. ಆಮೇಲೆ ಮೌಸ್‌ನ ಇಂಟರಪ್ಟ್ ಆದ ಐಆರ್‌ಕ್ಯೂ 12 ಬರುತ್ತದೆ. ಮೌಸ್ ಹ್ಯಾಂಡ್ಲರ್ ಸರಿಯಾಗಿಯೇ ಬಿಟ್ 0 ನೋಡಿ, ಖಾಲಿಯೆಂದು ಹಿಂದಿರುಗುತ್ತದೆ.

ನುಂಗಿದ ಬೈಟ್ ಏನಾಯಿತು? ಅದು ಸ್ಕ್ಯಾನ್‌ಕೋಡ್ (ಯಾವ ಕೀ ಎಂದು ಕೀಬೋರ್ಡ್ ಹೇಳುವ ಸಂಖ್ಯೆ) ಆಯಿತು. ಮೊದಲ ಸ್ಕ್ಯಾನ್‌ಕೋಡ್ ಸೆಟ್‌ನಲ್ಲಿ 8 ಎಂದರೆ ಅಂಕಿ 7ರ ಕೀ. ಎಡಕ್ಕೆ ಸರಿದಾಗಿನ ಹೆಡರ್ 24 ಎಂದರೆ ಇಂಗ್ಲಿಷ್‌ನ ಓ ಕೀ. ಎಡಕ್ಕೂ ಕೆಳಕ್ಕೂ ಸರಿದಾಗ ಹೆಡರ್ 56: ಅದು ಎಡಗಡೆಯ ಆಲ್ಟ್ ಕೀ ಒತ್ತಿದ ಕೋಡ್. ಬಿಟ್ಟ ಕೋಡ್ 184 ಎಂದೂ ಬರುವುದಿಲ್ಲ, ಆಲ್ಟ್ ಸಿಕ್ಕಿಕೊಂಡೇ ಇರುತ್ತದೆ. ಇದೇ ಕರ್ನಲ್‌ನ ದೂರುಗಳ ಪಟ್ಟಿಯಲ್ಲಿ "ತಾನಾಗಿ 7 ಟೈಪ್ ಆಗುತ್ತದೆ, ಆಲ್ಟ್ ಅಂಟಿಕೊಳ್ಳುತ್ತದೆ" ಎಂಬುದು ಕೀಬೋರ್ಡ್ ಹೆಸರಿನಲ್ಲಿ ಬೇರೆಯಾಗಿ ಕೂತಿದೆ. ಎರಡೂ ಒಂದೇ ದೋಷದ ಎರಡು ತುದಿ. ಮೌಸ್ ದೋಷ ಹುಡುಕುವಾಗ ಕೀಬೋರ್ಡ್ ದೂರುಗಳನ್ನೂ ಓದುವುದು ಈ ನಿಯಂತ್ರಕದ ಮಟ್ಟಿಗೆ ಬಿಡಲೇಬಾರದ ಹೆಜ್ಜೆ.

ದುರಸ್ತಿ ಹೀಗಿರಬೇಕು. ಎರಡೂ ಇಂಟರಪ್ಟ್‌ಗಳು ಒಂದೇ ಫಂಕ್ಷನ್ ಕರೆಯಲಿ. ಅದು ಮೊದಲು ಸ್ಟೇಟಸ್ ಓದಿ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಲಿ. ಬಿಟ್ 0 ಇಲ್ಲದಿದ್ದರೆ ಹಿಂದಿರುಗಲಿ. ಆಮೇಲೆ ಹೆಕ್ಸ್ 60 ಓದಿ, ಇಟ್ಟುಕೊಂಡ ಸ್ಟೇಟಸ್‌ನ ಬಿಟ್ 5 ನೋಡಿ ಮೌಸ್‌ಗೋ ಕೀಬೋರ್ಡ್‌ಗೋ ಹಂಚಲಿ. ಕ್ರಮ ತಿರುವುಮುರುವಾಗಬಾರದು. ಬೈಟ್ ಓದಿದ ಮೇಲೆ ಸ್ಟೇಟಸ್ ಕೇಳಿದರೆ ಅದು ಮುಂದಿನ ಬೈಟ್‌ನ ವಿಷಯ ಹೇಳುತ್ತದೆ. ಲೂಪ್ ತೆಗೆಯಿರಿ: ಪ್ರತಿ ಬೈಟ್‌ಗೂ ಅದರದೇ ಇಂಟರಪ್ಟ್ ಬರುತ್ತದೆ, 224 ಬಂದದ್ದನ್ನು ಒಂದು ಫ್ಲ್ಯಾಗ್‌ನಲ್ಲಿ ನೆನಪಿಟ್ಟರೆ ಸಾಕು. ಸ್ಟೇಟಸ್‌ನ ಬಿಟ್ 6 ಟೈಮ್‌ಔಟ್, ಬಿಟ್ 7 ಪ್ಯಾರಿಟಿ ತಪ್ಪು. ಇವು ಕಂಡರೆ ಆ ಬೈಟ್ ನಂಬಬೇಡಿ. ಲಿನಕ್ಸ್‌ನ ಐ8042 ಡ್ರೈವರ್ ಕೂಡ ಎರಡೂ ಇಂಟರಪ್ಟ್‌ಗೆ ಒಂದೇ ಹ್ಯಾಂಡ್ಲರ್ ಇಟ್ಟು, ಲಾಕ್ ಹಿಡಿದು, ಸ್ಟೇಟಸ್ ಮತ್ತು ಡೇಟಾವನ್ನು ಇದೇ ಕ್ರಮದಲ್ಲಿ ಓದುತ್ತದೆ.

ಹಿಂದಿರುಗುವ ಪ್ರತಿ ದಾರಿಯಲ್ಲೂ ಇಂಟರಪ್ಟ್ ಮುಗಿದ ಸೂಚನೆ ಹೋಗುತ್ತಿದೆಯೇ ನೋಡಿ. ಐಆರ್‌ಕ್ಯೂ 12 ಎರಡನೆಯ 8259ರದ್ದು, ಆದ್ದರಿಂದ ಸೂಚನೆ ಎರಡಕ್ಕೂ ಹೋಗಬೇಕು: ಹೆಕ್ಸ್ ಎ0 ಮತ್ತು ಹೆಕ್ಸ್ 20. ಬೈಟ್ ಬಿಸಾಡುವ ದಾರಿಯಲ್ಲಿ ಇದು ತಪ್ಪಿದರೆ ಮೌಸ್ ಪೂರ್ತಿ ಸಾಯುತ್ತದೆ, ಆದರೆ ಟೈಮರ್ ಮತ್ತು ಕೀಬೋರ್ಡ್ ನಡೆಯುತ್ತಲೇ ಇರುತ್ತವೆ, ಏಕೆಂದರೆ ಐಆರ್‌ಕ್ಯೂ 0 ಮತ್ತು 1ರ ಆದ್ಯತೆ ಮೇಲಿನದು. ಬಂದಿರುವ ಪ್ಯಾಚ್ ಈ ವಿಷಯದಲ್ಲಿ ಸರಿಯಾಗಿದೆ. ಎಲ್ಲ ದಾರಿಯೂ ಕೊನೆಯ ಒಂದೇ ಜಾಗಕ್ಕೆ ಬರುತ್ತದೆ. ಆ ರಚನೆಯನ್ನು ಹಾಗೆಯೇ ಉಳಿಸಿಕೊಳ್ಳಿ.

ಜಾಡು ಕೂಡಿಸಲು ಕಾಲಮಿತಿ

ಬುಡ ಸರಿಯಾದರೂ, ನಿಜವಾದ ತಂತಿಯಲ್ಲಿ ಬೈಟ್ ಕೆಡಬಹುದು. ಬಿಟ್ 3ರ ಜೊತೆಗೆ ಕಾಲಮಿತಿ ಬೇಕು. ಜಾಡು ಸರಿಯಿದ್ದು ಕೈ ನಿಂತರೆ ಪ್ಯಾಕೆಟ್ ಪೂರ್ತಿಯಾಗಿರುತ್ತದೆ, ಬಾಕಿ ಬೈಟ್ ಸೊನ್ನೆ. ಜಾಡು ತಪ್ಪಿ ನಿಂತರೆ 1 ಅಥವಾ 2 ಬೈಟ್ ಬಾಕಿ ಉಳಿದೇ ಇರುತ್ತದೆ. ಅಂದರೆ ಬಾಕಿ ಬೈಟ್ ಇದ್ದು ಬಹಳ ಹೊತ್ತಾಗಿದ್ದರೆ ಅವನ್ನು ಎಸೆದು, ಬಂದ ಬೈಟನ್ನು ಹೆಡರ್ ಎಂದುಕೊಳ್ಳಬಹುದು. ಬೈಟ್‌ನ ಬಿಟ್‌ಗಳು ಏನೇ ಇರಲಿ ಈ ತರ್ಕ ಕೈಬಿಡುವುದಿಲ್ಲ; 255ರ ಸಮಸ್ಯೆಯೂ ಇಲ್ಲಿ ಬಗೆಹರಿಯುತ್ತದೆ.

ಎಷ್ಟು ಹೊತ್ತು? ಪಿಎಸ್/2 ಗಡಿಯಾರ 10ರಿಂದ 16.7 ಕಿಲೋಹರ್ಟ್ಜ್, ಒಂದು ಬೈಟ್‌ಗೆ 11 ಬಿಟ್, ಅಂದರೆ ಸುಮಾರು 1 ಮಿಲಿಸೆಕೆಂಡ್. ಲಿನಕ್ಸ್‌ನ ಪಿಎಸ್‌ಮೌಸ್ ಅರ್ಧ ಸೆಕೆಂಡ್ ಕಾಯುತ್ತದೆ. ಈ ಕರ್ನಲ್ ಇಂಟರಪ್ಟ್‌ಗಳನ್ನು ಬಹಳ ಹೊತ್ತು ಮುಚ್ಚಿಡುವುದಿಲ್ಲವಾದ್ದರಿಂದ 100 ಮಿಲಿಸೆಕೆಂಡ್ ಸಾಕು. 100 ಹರ್ಟ್ಜ್ ಟೈಮರ್‌ನಲ್ಲಿ ಅದು 10 ಟಿಕ್. ಹೋಲಿಕೆ ಬರೆಯುವಾಗ ಈಗಿನ ಟಿಕ್‌ನಿಂದ ಹಿಂದಿನ ಟಿಕ್ ಕಳೆದು, ಉಳಿದದ್ದನ್ನು 10ರ ಜೊತೆ ಹೋಲಿಸಿ. ಹಿಂದಿನ ಟಿಕ್‌ಗೆ 10 ಕೂಡಿಸಿ ಹೋಲಿಸಿದರೆ 32 ಬಿಟ್ ಎಣಿಕೆ ಸುತ್ತು ಹೊಡೆಯುವ ಹೊತ್ತಿಗೆ, ಅಂದರೆ ಸುಮಾರು 497 ದಿನಕ್ಕೆ, ತಪ್ಪುತ್ತದೆ.

ಮೌಸ್ ಕಳಚಿ ಮತ್ತೆ ಹಾಕಿದರೆ ಅದು 170, 0 ಎಂದು ಕಳಿಸುತ್ತದೆ. 170 ಎಂದರೆ 10101010; ಇದರಲ್ಲೂ ಬಿಟ್ 3 ಇದೆ, ತಪಾಸಣೆ ದಾಟಿ ಒಳಗೆ ಬರುತ್ತದೆ. ಆಗ ಮೌಸ್ ವರದಿ ನಿಲ್ಲಿಸಿರುತ್ತದೆ, ಚಕ್ರದ ಮೌಸ್ ಆದರೆ 4 ಬೈಟ್‌ನಿಂದ 3 ಬೈಟ್‌ಗೆ ಮರಳಿರುತ್ತದೆ. ಸ್ಯಾಂಪಲ್ ದರವನ್ನು 200, 100, 80 ಎಂದು ಸಾಲಾಗಿ ಹೊಂದಿಸಿ, ಚಕ್ರದ ಮೌಸ್‌ನ ಗುರುತಾದ ಐಡಿ 3 ಬಂತೇ ನೋಡಿ, ಹೆಕ್ಸ್ ಎಫ್4 ಕಳಿಸಿ ವರದಿಯನ್ನು ಮತ್ತೆ ಶುರುಮಾಡಬೇಕು. ಇದು ಈ ಪ್ಯಾಚ್‌ಗೆ ಸೇರಬೇಕಿಲ್ಲ, ಟಿಪ್ಪಣಿಯಾಗಿ ಇರಲಿ.

ಪರೀಕ್ಷೆ

ಪ್ಯಾಕೆಟ್ ಬಿಡಿಸುವ ಫಂಕ್ಷನ್‌ನಿಂದ ಪೋರ್ಟ್ ಓದುವ ಕೆಲಸವನ್ನು ಬೇರ್ಪಡಿಸಿ. ಆಗ ಅದನ್ನು ಸಾಮಾನ್ಯ ಪ್ರೋಗ್ರಾಮ್ ಆಗಿಯೇ ಕಂಪೈಲ್ ಮಾಡಿ ಬೈಟ್ ಸಾಲುಗಳನ್ನು ಉಣಿಸಬಹುದು. ಕಡ್ಡಾಯವಾಗಿ ಇರಬೇಕಾದವು: 8 200 0 ಕೊಟ್ಟರೆ ಎಕ್ಸ್ 200, 24 56 0 ಕೊಟ್ಟರೆ ಎಕ್ಸ್ -200, 24 0 0 ಕೊಟ್ಟರೆ -256, 72 255 0 ಕೊಟ್ಟರೆ ಚಲನೆ ಇಲ್ಲ ಆದರೆ ಬಟನ್‌ಗಳು ಬಿಟ್ಟ ಸ್ಥಿತಿ, 255 0 ಕೊಟ್ಟು, 11 ಟಿಕ್ ಕಳೆಸಿ, 24 255 0 ಕೊಟ್ಟರೆ ಎಕ್ಸ್ -1 ಇರುವ ಒಂದೇ ಪ್ಯಾಕೆಟ್.

ಆಮೇಲೆ ಎಮ್ಯುಲೇಟರ್‌ನಲ್ಲಿ, ಡೀಬಗ್ ಫ್ಲ್ಯಾಗ್ ಇಟ್ಟು ಪ್ರತಿ 97ನೇ ಮೌಸ್ ಬೈಟನ್ನು ಬೇಕೆಂದೇ ಎಸೆಯಿರಿ. 97 ಏಕೆಂದರೆ 3ರಿಂದಲೂ 4ರಿಂದಲೂ ಭಾಗಿಸಿದರೆ 1 ಉಳಿಯುತ್ತದೆ, ಹೆಡರ್, ಎಕ್ಸ್, ವೈ ಸರದಿಯಂತೆ ಹೋಗುತ್ತವೆ. ನಾಲ್ಕೂ ದಿಕ್ಕಿಗೆ ಒಂದೊಂದು ಎಣಿಕೆಯಂತೆ ಸರಿಸಿ, ನಡುನಡುವೆ 200 ಮಿಲಿಸೆಕೆಂಡ್ ನಿಲ್ಲಿಸಿ. ಪ್ರತಿ ನಿಲುಗಡೆಯ ನಂತರ ಜಾಡು ಕೂಡಿರಲೇಬೇಕು. ಫ್ಲ್ಯಾಗ್ ತೆಗೆದು, ಕೀ ಒತ್ತುತ್ತಾ ಸರಿಸಿದರೆ ಬಿಸಾಡಿದ ಬೈಟ್‌ಗಳ ಎಣಿಕೆ ಸೊನ್ನೆ ಇರಬೇಕು. ಒಂದಾದರೂ ಇದ್ದರೆ ಬುಡ ಇನ್ನೂ ಸೋರುತ್ತಿದೆ ಎಂದರ್ಥ. ಪ್ಯಾರಿಟಿ ತಪ್ಪು ಎಮ್ಯುಲೇಟರ್‌ನಲ್ಲಿ ಬರುವುದಿಲ್ಲ, ಹಾಗಾಗಿ ನಿಜವಾದ ಪಿಎಸ್/2 ಪೋರ್ಟ್ ಇರುವ ಯಂತ್ರದಲ್ಲಿ ಒಮ್ಮೆ ಓಡಿಸದೆ ಸೇರಿಸಬೇಡಿ.

ಪ್ಯಾಚ್ ಮರಳಿ ಬರುವಾಗ ಮೂರು ತುಂಡಾಗಿ ಬರಲಿ: ಮೊದಲು ಒಂದೇ ಹ್ಯಾಂಡ್ಲರ್, ಆಮೇಲೆ ಬಿಟ್ 3 ಮತ್ತು ಕಾಲಮಿತಿ, ಕೊನೆಗೆ ಓವರ್‌ಫ್ಲೋದಲ್ಲಿ ಬಟನ್ ಉಳಿಸುವುದು. ಮೊದಲನೆಯದರ ಸಂದೇಶಕ್ಕೆ ಇಷ್ಟು ಸಾಕು: "ಕೀಬೋರ್ಡ್ ಹ್ಯಾಂಡ್ಲರ್‌ನ ಲೂಪ್ ಸ್ಟೇಟಸ್ ಬಿಟ್ 5 ನೋಡದೆ ಮೌಸ್ ಬೈಟ್ ಓದುತ್ತಿತ್ತು. ಮೌಸ್ ಪ್ಯಾಕೆಟ್‌ನ ಜಾಡು ತಪ್ಪಿ 255 0 24 ಎಂಬ ಸಾಲು -256, -232 ಆಗಿ ಓದಿಸಿಕೊಳ್ಳುತ್ತಿತ್ತು. ಓದಿದ ಬೈಟ್ 8 ಆಗಿದ್ದರೆ 7 ಟೈಪ್ ಆಗುತ್ತಿತ್ತು, 56 ಆಗಿದ್ದರೆ ಆಲ್ಟ್ ಸಿಕ್ಕಿಕೊಳ್ಳುತ್ತಿತ್ತು." ಕೀಬೋರ್ಡ್ ದೂರಿನ ಸಂಖ್ಯೆಯನ್ನೂ ಅದೇ ಸಂದೇಶದಲ್ಲಿ ಬರೆದು, ಎರಡು ದೂರುಗಳನ್ನೂ ಒಟ್ಟಿಗೆ ಮುಚ್ಚಿ.